ವೆಲೋಸಿಯೊ: ಗೇರ್‌ಗಾಗಿ ಹಟ ಹಿಡಿದ ಸವಾರ
ನಮ್ಮ ಸೈಕಲ್‌ನಲ್ಲಿ ಗೇರ್ ಬದಲಿಸೋ ಡಿರೈಲರ್ ಇದೆಯಲ್ಲ, ಅದರ ಪರವಾಗಿ ವರ್ಷಗಟ್ಟಲೆ ವಾದಿಸಿದವರು ಪಾಲ್ ದ ವಿವಿ. 1853ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಇವರು ಸೇಂಟ್ ಎತಿಯೆನ್ ಊರಲ್ಲಿ ರೇಷ್ಮೆ ವ್ಯಾಪಾರಿ. ಸೈಕಲ್ ಹುಚ್ಚು ಹತ್ತಿ 1887ರಲ್ಲಿ ಪತ್ರಿಕೆ ಶುರುಮಾಡಿದರು. ವೆಲೋಸಿಯೊ ಅನ್ನೋ ಹೆಸರಲ್ಲಿ ಬರೆದರು.

ಆಗ ಗೇರ್ ಅಂದ್ರೆ ಕೈಲಾಗದವರಿಗೆ ಅನ್ನೋ ಭಾವನೆ ಇತ್ತು. ಟೂರ್ ದ ಫ್ರಾನ್ಸ್ ಡಿರೈಲರ್‌ಗೆ ಒಪ್ಪಿದ್ದೇ 1937ರಲ್ಲಿ. ವೆಲೋಸಿಯೊ ಬೆಟ್ಟದ ದಾರಿಗಳಲ್ಲಿ ತಾವೇ ತುಳಿದು ನೋಡಿದರು. ಏರಿನಲ್ಲಿ ಗೇರ್ ಇಳಿಸಿದರೆ ಪ್ರತಿ ತುಳಿತಕ್ಕೂ ಕಡಿಮೆ ಬಲ ಸಾಕು, ಮರುದಿನಕ್ಕೂ ಕಾಲಲ್ಲಿ ಕಸುವು ಉಳಿಯುತ್ತೆ.

ತಿನ್ನೋದರಲ್ಲೂ ಅದೇ ಲೆಕ್ಕ. ಸಸ್ಯಾಹಾರಿಯಾಗಿದ್ದ ಅವರು ಹಾಕಿಕೊಟ್ಟ ನಿಯಮಗಳು ಸರಳ: ಹಸಿವು, ಬಾಯಾರಿಕೆ ಆಗೋ ಮೊದಲೇ ತಿನ್ನಬೇಕು, ಕುಡಿಯಬೇಕು. ಅಪರೂಪಕ್ಕೆ ನಿಲ್ಲಬೇಕು, ಅದೂ ಸ್ವಲ್ಪ ಹೊತ್ತು ಮಾತ್ರ. ಊಟ ಸೇರದಷ್ಟು, ನಿದ್ದೆ ಬಾರದಷ್ಟು ದಣಿಯಬಾರದು. ಜಂಬಕ್ಕಂತೂ ತುಳಿಯಲೇಬಾರದು.

1930ರಲ್ಲಿ ಟ್ರಾಮ್ ಡಿಕ್ಕಿಯಾಗಿ ತೀರಿಕೊಂಡರು. ನಿಯಮಗಳು ಮಾತ್ರ ಇಂದಿಗೂ ಕೆಲಸಕ್ಕೆ ಬರುತ್ತವೆ, ನಮ್ಮ ರಸ್ತೆಯಲ್ಲೂ. ಬೆಂಗಳೂರಿಂದ ದುರ್ಗದ ಕಡೆ ಎರಡು ಮೂರು ದಿನದ ರೈಡ್ ಹೊರಟೆವು ಅಂದುಕೊಳ್ಳಿ. ಹಿರಿಯೂರು ದಾಟುವಾಗ ಬಯಲುಸೀಮೆ ಬಿಸಿಲು, ಮಳೆಗಾಲವಾದರೆ ಎದುರುಗಾಳಿ. ಗಾಳಿಯೂ ಒಂಥರಾ ಏರೇ. ಮುಂದೆ ಹೋದವನನ್ನು ಹಿಡಿಯೋ ಹಟ ಬಿಟ್ಟು ಗೇರ್ ಇಳಿಸೋಣ. ಬಾಳೆಹಣ್ಣು, ಕಡ್ಲೆಬೀಜದ ಚಿಕ್ಕಿ ತಿಂದು, ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಹತ್ತು ನಿಮಿಷದಲ್ಲಿ ಮತ್ತೆ ಹೊರಡೋಣ. ಆ ರಾತ್ರಿ ಮುದ್ದೆ ಹೊಟ್ಟೆಗೆ ಸೇರಿ, ಕಣ್ತುಂಬ ನಿದ್ದೆ ಬಂದರೆ, ದಿನದ ಲೆಕ್ಕ ಸರಿಯಾಯ್ತು.