ಕಮ್ಮಾರನ ಮಗ ಹಚ್ಚಿದ ಬೆಳಕು: ಮೈಕೆಲ್ ಫ್ಯಾರಡೆ

ಮಕ್ಕಳೇ, ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ದಾರಿಯಲ್ಲಿ ಗೂಳೂರು ಸಿಗುತ್ತದೆ. ಅಲ್ಲಿಯ ದೊಡ್ಡ ಮಣ್ಣಿನ ಗಣಪನನ್ನು ನೋಡಲು ಕಾರ್ತಿಕ ಮಾಸದಲ್ಲಿ ಸುತ್ತಲಿನ ಊರುಗಳಿಂದ ಜನ ಬರುತ್ತಾರೆ. ಹಾಗೆ ಬಂದವರೊಬ್ಬರ ಹಳೆಯ ಜಾವಾ ಮೋಟಾರ್ ಸೈಕಲ್ಲು ರಾತ್ರಿ ಊರಿಗೆ ಹೊರಡುವ ಹೊತ್ತಿಗೆ ಕೈಕೊಟ್ಟಿತು ಎಂದುಕೊಳ್ಳಿ. ಹಾರನ್ನಿನ ದನಿ ಕುಗ್ಗಿದೆ. ದೀಪ ಮಿಣುಕುತ್ತಿದೆ. ಎಷ್ಟು ಒದ್ದರೂ ಎಂಜಿನ್ ಹೊತ್ತಿಕೊಳ್ಳುತ್ತಿಲ್ಲ. ಹೊಸ ಬ್ಯಾಟರಿ ಹಾಕಿಸಿ ಇನ್ನೂ ಒಂದು ವಾರವಾಗಿಲ್ಲ! ಹಾಗಾದರೆ ತಪ್ಪು ಬ್ಯಾಟರಿಯದೇ?

ಇರಲಾರದು. ಬ್ಯಾಟರಿ ನೀರಿನ ತೊಟ್ಟಿಯಿದ್ದಂತೆ. ಬಳಸಿದಷ್ಟನ್ನು ಮತ್ತೆ ತುಂಬದಿದ್ದರೆ ಹೊಸ ತೊಟ್ಟಿಯೂ ಬರಿದಾಗುತ್ತದೆ. ಎಂಜಿನ್ ತಿರುಗುವಾಗ ಈ ತೊಟ್ಟಿಯನ್ನು ತುಂಬುವ ಯಂತ್ರವೇ ಡೈನಮೊ. ತಿರುಗುವ ಯಂತ್ರದಿಂದ ವಿದ್ಯುತ್ ಹೇಗೆ ಹುಟ್ಟುತ್ತದೆ ಎಂಬ ಗುಟ್ಟನ್ನು 1831ರಲ್ಲಿ ಬಿಡಿಸಿದವನು ಮೈಕೆಲ್ ಫ್ಯಾರಡೆ. ಅವನು ಶಾಲೆಯಲ್ಲಿ ಕಲಿತದ್ದು ಬಹಳ ಕಡಿಮೆ. ಬನ್ನಿ, ಮೊದಲು ಅವನ ಕಥೆ ತಿಳಿಯೋಣ. ಆಮೇಲೆ ಜಾವಾ ಬಳಿಗೆ ಮರಳೋಣ.

ಪುಸ್ತಕ ಕಟ್ಟುವ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಲಂಡನ್ ಬಳಿ. ತಂದೆ ಜೇಮ್ಸ್ ಕಮ್ಮಾರ. ಅವರ ಆರೋಗ್ಯ ಸರಿಯಿರಲಿಲ್ಲ. ಮನೆಯಲ್ಲಿ ನಾಲ್ವರು ಮಕ್ಕಳು, ಹೊಟ್ಟೆ ತುಂಬ ಊಟಕ್ಕೂ ಕಷ್ಟ. ಮೈಕೆಲ್ ಓದು, ಬರಹ, ಒಂದಿಷ್ಟು ಲೆಕ್ಕ ಕಲಿಯುವಷ್ಟರಲ್ಲಿ ದುಡಿಯಲು ಹೋಗಬೇಕಾಯಿತು. ಹದಿಮೂರನೆಯ ವಯಸ್ಸಿನಲ್ಲಿ, ಅಂದರೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನಲ್ಲಿ, ಜಾರ್ಜ್ ರೀಬೊ ಎಂಬುವರ ಪುಸ್ತಕದ ಅಂಗಡಿ ಸೇರಿದ. ಮರುವರ್ಷದಿಂದ ಏಳು ವರ್ಷ ಅಲ್ಲಿಯೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತ.

ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಅವನು ಓದದೆ ಬಿಡುತ್ತಿರಲಿಲ್ಲ. ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ ಅವನನ್ನು ಸೆಳೆದವು. ಓದಿ ಸುಮ್ಮನಾಗಲಿಲ್ಲ. ಕೈಯಲ್ಲಿದ್ದ ಚಿಲ್ಲರೆ ಕಾಸಿನಲ್ಲಿ ಸಾಮಾನು ಕೊಂಡು ತಾನೇ ಪ್ರಯೋಗ ಮಾಡಿ ನೋಡಿದ.

ತೆರೆದ ಬಾಗಿಲು

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಅವನಿಗೆ ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳ ಟಿಕೆಟ್ ಕೊಟ್ಟರು. ನಾಲ್ಕು ಉಪನ್ಯಾಸಗಳನ್ನು ಕೇಳಿದ ಫ್ಯಾರಡೆ ಎಲ್ಲವನ್ನೂ ಬರೆದು, ಚಿತ್ರ ಬಿಡಿಸಿ, ಚೆಂದದ ರಟ್ಟು ಕಟ್ಟಿ ಡೇವಿಗೇ ಕಳುಹಿಸಿದ. 1813ರ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವನಿಗೆ ಸಹಾಯಕನ ಕೆಲಸ ಸಿಕ್ಕಿತು.

ದಾರಿ ಸುಗಮವಾಗಿರಲಿಲ್ಲ. ಡೇವಿಯ ಜೊತೆ ಯುರೋಪ್ ಪ್ರವಾಸ ಹೋದಾಗ ಆಳಿನ ಕೆಲಸವನ್ನೂ ಮಾಡಬೇಕಾಯಿತು. 1821ರಲ್ಲಿ ವಿದ್ಯುತ್ ಹರಿಯುವ ತಂತಿ ಕಾಂತದ ಸುತ್ತ ತಾನಾಗಿ ತಿರುಗುವಂತೆ ಮಾಡಿ ತೋರಿಸಿದ. ಇಂದಿನ ಮೋಟಾರುಗಳ ಮೊದಲ ಹೆಜ್ಜೆ ಇದು. ಆಗ, ಅವನು ವೊಲಾಸ್ಟನ್ ಎಂಬ ಹಿರಿಯ ವಿಜ್ಞಾನಿಯ ವಿಚಾರವನ್ನು ಕದ್ದನೆಂದು ಕೆಲವರು ಆಡಿಕೊಂಡರು. 1824ರಲ್ಲಿ ಅವನನ್ನು ರಾಯಲ್ ಸೊಸೈಟಿಯ ಸದಸ್ಯನನ್ನಾಗಿ ಆರಿಸುವಾಗ ಗುರು ಡೇವಿಯೇ ವಿರೋಧಿಸಿದ. ಆದರೂ ಫ್ಯಾರಡೆ ಆಯ್ಕೆಯಾದ. ಡೇವಿಯ ಮೇಲಿನ ಗೌರವವನ್ನು ಮಾತ್ರ ಬಿಡಲಿಲ್ಲ.

ಅಲುಗಿದ ಮುಳ್ಳು

ವಿದ್ಯುತ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ಅಲುಗಿಸುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡಿದ್ದ. ಅಂದರೆ ವಿದ್ಯುತ್ತಿನಿಂದ ಕಾಂತತ್ವ ಹುಟ್ಟುತ್ತದೆ. ಹಾಗಾದರೆ ಕಾಂತದಿಂದ ವಿದ್ಯುತ್ ಹುಟ್ಟಬೇಕಲ್ಲವೇ? ಈ ಪ್ರಶ್ನೆ ಫ್ಯಾರಡೆಯನ್ನು ಸುಮಾರು ಹತ್ತು ವರ್ಷ ಕಾಡಿತು. 1825ರಲ್ಲಿ ಒಂದು ತಂತಿಯಲ್ಲಿ ವಿದ್ಯುತ್ ಹರಿಸಿ, ಪಕ್ಕದ ತಂತಿಯಲ್ಲಿ ಏನಾದರೂ ಕಾಣುವುದೇ ಎಂದು ನೋಡಿದ. ಏನೂ ಕಾಣಲಿಲ್ಲ. ಏನೂ ಕಾಣಲಿಲ್ಲವೆಂದೇ ದಿನಚರಿಯಲ್ಲಿ ಬರೆದಿಟ್ಟ.

ಅದೇ ವರ್ಷ ಜಿನೀವಾದ ಕೊಲಡಾನ್ ಎಂಬಾತ ಸುರುಳಿಯ ಬಳಿಗೆ ಬಲವಾದ ಕಾಂತವನ್ನು ತಂದು ನೋಡಿದ್ದ. ಕಾಂತವು ಅಳತೆಯ ಉಪಕರಣದ ಮುಳ್ಳನ್ನು ಎಳೆಯದಿರಲಿ ಎಂದು ಉಪಕರಣವನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದ. ಪ್ರಯೋಗ ಸರಿಯಾಗಿಯೇ ಇತ್ತು. ಆದರೆ ಅವನು ಆ ಕೋಣೆಗೆ ನಡೆದು ಹೋಗುವಷ್ಟರಲ್ಲಿ ಅಲುಗಿದ ಮುಳ್ಳು ಮತ್ತೆ ಸ್ವಸ್ಥಾನಕ್ಕೆ ಬಂದಿರುತ್ತಿತ್ತು! ಎಂಥ ಅವಕಾಶ ತಪ್ಪಿಹೋಯಿತು ನೋಡಿ.

1831ರ ಆಗಸ್ಟ್ 29. ಫ್ಯಾರಡೆ ಮೆತು ಕಬ್ಬಿಣದ ಒಂದು ಬಳೆಯ ಎರಡು ಬದಿಗೂ ತಂತಿಯ ಸುರುಳಿ ಸುತ್ತಿದ. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದರ ಬಳಿ ಕಾಂತದ ಮುಳ್ಳು. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಅಲುಗಿತು, ಮತ್ತೆ ನಿಂತಿತು. ಬ್ಯಾಟರಿ ಬಿಡಿಸಿದ ಕ್ಷಣ ಇನ್ನೊಮ್ಮೆ ಅಲುಗಿತು. ನಡುವೆ ಮಾತ್ರ ಏನೂ ಇಲ್ಲ. ಎಲ್ಲರೂ ಎಲ್ಲಿ ಎಡವಿದ್ದರೆಂದು ಈಗ ತಿಳಿಯಿತು. ಕಾಂತ ಇದ್ದರೆ ಸಾಲದು, ಅದರ ಪ್ರಭಾವ ಬದಲಾಗುತ್ತಿರಬೇಕು. ಅಕ್ಟೋಬರ್ 17ರಂದು ಪೊಳ್ಳಾದ ಸುರುಳಿಯೊಳಗೆ ಕಾಂತದ ದಂಡವನ್ನು ತೂರಿಸಿದ. ತೂರಿಸುವಾಗ, ಎಳೆಯುವಾಗ ಮುಳ್ಳು ಅಲುಗಿತು. ಕಾಂತ ನಿಂತರೆ ಮುಳ್ಳೂ ನಿಂತಿತು. ಅಕ್ಟೋಬರ್ 28ರಂದು ದೊಡ್ಡ ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ, ನಿಲ್ಲದೆ ಹರಿಯುವ ವಿದ್ಯುತ್ ಪಡೆದ. ಇದೇ ಮೊದಲ ಡೈನಮೊ. ಈ ತತ್ತ್ವಕ್ಕೆ ವಿದ್ಯುತ್ಕಾಂತೀಯ ಪ್ರೇರಣೆ ಎಂದು ಹೆಸರು.

1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರ ತಿರುಗಿಸಿ, ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ್ದು ಇದೇ ತತ್ತ್ವದಿಂದ.

ಮತ್ತೆ ಜಾವಾ ಬಳಿಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಹಳೆಯ ಜಾವಾದ ಎಂಜಿನ್ನಿನ ಬಲಬದಿಯ ಮುಚ್ಚಳದೊಳಗೆ 6 ವೋಲ್ಟಿನ ಡೈನಮೊ ಇದೆ. ಕಬ್ಬಿಣದ ಧ್ರುವಗಳ ನಡುವೆ ತಂತಿಯ ಸುರುಳಿ ಎಂಜಿನ್ ಜೊತೆಗೇ ತಿರುಗುತ್ತದೆ. ಮೆಕ್ಯಾನಿಕ್ ತುಂಬಿದ ಬ್ಯಾಟರಿಯೊಂದನ್ನು ಜೋಡಿಸಿ, ಒಂದೊಂದಾಗಿ ಪರೀಕ್ಷಿಸುತ್ತಾರೆ. ನೀವೂ ಜೊತೆಗೆ ಯೋಚಿಸಿ.

1. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದೆಯೇ? ತಂತಿ ಸಡಿಲವೇ? ಸುಲಭವಾದದ್ದನ್ನು ಮೊದಲು ನೋಡಬೇಕು. ಇಲ್ಲಿ ಎಲ್ಲ ಸರಿಯಿದೆ.

2. ಎಂಜಿನ್ ನಿಂತಾಗ ಮೀಟರು 6 ವೋಲ್ಟಿಗಿಂತ ಸ್ವಲ್ಪ ಹೆಚ್ಚು ತೋರಿಸುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಅದು 7 ದಾಟಬೇಕು. ಆದರೆ ಏರುತ್ತಿಲ್ಲ. ಅಂದರೆ ಬ್ಯಾಟರಿಗೆ ಏನೂ ತುಂಬುತ್ತಿಲ್ಲ.

3. ಕೀಲಿ ತಿರುಗಿಸಿದಾಗ ಹತ್ತುವ ಕೆಂಪು ದೀಪ, ಎಂಜಿನ್ ವೇಗ ಪಡೆದಾಗ ಆರಬೇಕು. ಇಲ್ಲಿ ಆರುತ್ತಿಲ್ಲ. ಈಗ ಅನುಮಾನ ಡೈನಮೊ ಮೇಲೆ. ಡೈನಮೊ ಸರಿಯಿದ್ದಿದ್ದರೆ, ವಿದ್ಯುತ್ತನ್ನು ಹದದಲ್ಲಿಡುವ ರೆಗ್ಯುಲೇಟರನ್ನು, ನಡುವಿನ ತಂತಿಗಳನ್ನು ನೋಡಬೇಕಿತ್ತು.

4. ಮುಚ್ಚಳ ತೆಗೆದರೆ ಒಳಗೆ ಕಾರ್ಬನ್ ಬ್ರಷ್ಷುಗಳು ಸವೆದಿವೆ. ಅವು ತಾಗಬೇಕಾದ ತಾಮ್ರದ ಭಾಗ ಕಪ್ಪಾಗಿದೆ. ಸುರುಳಿಯಲ್ಲಿ ವಿದ್ಯುತ್ ಹುಟ್ಟಿದರೂ ಹೊರಗೆ ಬರಲು ದಾರಿಯಿಲ್ಲ!

ತಾಮ್ರವನ್ನು ಒರೆಸಿ, ಹೊಸ ಬ್ರಷ್ ಹಾಕಿದರೂ ಕೆಲವೊಮ್ಮೆ ಡೈನಮೊ ಏಳುವುದಿಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಬೈಕಿನ ಕಬ್ಬಿಣದ ಧ್ರುವಗಳು ತಮ್ಮಲ್ಲಿ ಉಳಿದಿದ್ದ ಅಲ್ಪ ಕಾಂತತ್ವವನ್ನೂ ಕಳೆದುಕೊಂಡಿರುತ್ತವೆ. ಕಾಂತವೇ ಇಲ್ಲದಿದ್ದರೆ ಸುರುಳಿ ತಿರುಗಿ ಏನು ಪ್ರಯೋಜನ? ಆಗ ಮೆಕ್ಯಾನಿಕ್ ಬ್ಯಾಟರಿಯಿಂದ ಕ್ಷಣಕಾಲ ವಿದ್ಯುತ್ ಹರಿಸಿ ಆ ಧ್ರುವಗಳನ್ನು ಮತ್ತೆ ಕಾಂತವಾಗಿಸುತ್ತಾರೆ. ಕೆಂಪು ದೀಪ ಆರಿತು. ಮೀಟರು 7 ದಾಟಿತು. ಬೈಕು ಊರಿನ ದಾರಿ ಹಿಡಿಯಿತು.

ಕಾಂತ, ಸುರುಳಿ, ಚಲನೆ: ಈ ಮೂರರಲ್ಲಿ ಒಂದು ತಪ್ಪಿದರೂ ವಿದ್ಯುತ್ ಹುಟ್ಟದು. ಹುಟ್ಟಿದ ಮೇಲೆ ಅದು ಹರಿಯಲು ದಾರಿಯೂ ಬೇಕು. ಒಂದೊಂದನ್ನೇ ಬದಲಿಸಿ ನೋಡುವ, ಕಂಡದ್ದನ್ನು ಕಂಡಂತೆ ಒಪ್ಪುವ ಕ್ರಮ ಪ್ರಯೋಗಶಾಲೆಗೂ ಒಂದೇ, ಗ್ಯಾರೇಜಿಗೂ ಒಂದೇ.

ಸರಳ ಬದುಕು

ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸ ಕೊಡುವುದೆಂದರೆ ಫ್ಯಾರಡೆಗೆ ಬಲು ಇಷ್ಟ. 1827ರಿಂದ 1860ರ ನಡುವೆ 19 ಬಾರಿ ಇಂಥ ಉಪನ್ಯಾಸ ಮಾಲೆ ನಡೆಸಿದ. ಒಂದು ಮೇಣದಬತ್ತಿಯನ್ನು ಹಿಡಿದೇ ಎಷ್ಟೋ ವಿಜ್ಞಾನ ಹೇಳಿಕೊಟ್ಟ. ಸರ್ ಪದವಿ ಬೇಡವೆಂದ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಎರಡು ಬಾರಿ ನಿರಾಕರಿಸಿದ. ಗಣಿತದಲ್ಲಿ ಅವನಿಗೆ ಹೆಚ್ಚಿನ ತರಬೇತಿ ಇರಲಿಲ್ಲ. ಅವನ ವಿಚಾರಗಳಿಗೆ ಗಣಿತದ ರೂಪ ಕೊಟ್ಟವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಕೊನೆಯ ವರ್ಷಗಳಲ್ಲಿ ಫ್ಯಾರಡೆಯ ನೆನಪಿನ ಶಕ್ತಿ ಕುಂದಿತು. ಆದರೆ ಅವನು ಬರೆದಿಟ್ಟ ದಿನಚರಿ ಏನನ್ನೂ ಮರೆಯಲಿಲ್ಲ. 1867ರ ಆಗಸ್ಟ್ 25ರಂದು ಅವನು ತೀರಿಕೊಂಡ.

ಫ್ಯಾನಿನ ಕಂಡೆನ್ಸರ್ ಮೇಲೆ ಮೈಕ್ರೋಫ್ಯಾರಡ್ ಎಂಬ ಅಳತೆ ಇರುತ್ತದೆ. ಅದರಲ್ಲಿರುವುದು ಈ ಕಮ್ಮಾರನ ಮಗನ ಹೆಸರೇ.

ಮಾಡಿ ನೋಡಿ

ಎನಾಮೆಲ್ ಲೇಪಿಸಿದ ಉದ್ದನೆಯ ತಾಮ್ರದ ತಂತಿಯನ್ನು ರಟ್ಟಿನ ಕೊಳವೆಯ ಮೇಲೆ ನೂರು ಸುತ್ತು ಸುತ್ತಿ. ತಂತಿಯ ಎರಡೂ ತುದಿಗಳ ಲೇಪ ಕೆರೆದು, ಶಾಲೆಯ ಗ್ಯಾಲ್ವನೋಮೀಟರಿಗೆ ಜೋಡಿಸಿ. ಕೊಳವೆಯೊಳಗೆ ಕಾಂತದ ದಂಡವನ್ನು ಬೇಗ ತೂರಿಸಿ, ನಿಲ್ಲಿಸಿ, ಎಳೆಯಿರಿ. ಮುಳ್ಳು ಯಾವಾಗ ಅಲುಗಿತು? ಯಾವ ಕಡೆಗೆ? ನಿಧಾನವಾಗಿ ತೂರಿಸಿದರೆ ಏನಾಯಿತು? ಕಂಡದ್ದನ್ನೆಲ್ಲ ಬರೆದಿಡಿ. ಏನೂ ಕಾಣದಿದ್ದರೆ ಅದನ್ನೂ ಬರೆಯಿರಿ, ಆಮೇಲೆ ಒಂದೊಂದಾಗಿ ತಪ್ಪು ಹುಡುಕಿ.

ಎಚ್ಚರಿಕೆ: ವಾಹನದ ಬ್ಯಾಟರಿಯಲ್ಲಿ ಚರ್ಮ ಸುಡುವ ಆಮ್ಲವಿದೆ. ಅದನ್ನು ಮುಟ್ಟಬೇಡಿ. ಮನೆಯ ಕರೆಂಟಿನ ಪ್ಲಗ್ಗಿಗೆ ಯಾವ ತಂತಿಯನ್ನೂ ಜೋಡಿಸಬೇಡಿ.