ಷಾ ಅಬ್ಬಾಸ್ ಮತ್ತು ಹೊನ್ನಿನ ಗುಮ್ಮಟ

ಪರ್ಷಿಯಾ ದೇಶದ ಸಫವಿ ವಂಶದಲ್ಲಿ ಹೆಸರಾಂತ ದೊರೆ ಷಾ ಅಬ್ಬಾಸ್. 1571ರಲ್ಲಿ ಹೆರಾತ್ ನಗರದಲ್ಲಿ ಹುಟ್ಟಿದನು. 1587ರಲ್ಲಿ ಪಟ್ಟವೇರಿದಾಗ ಅವನಿಗೆ ಹದಿನಾರು ವರ್ಷ, ನಮ್ಮ ಹತ್ತನೆಯ ತರಗತಿಯ ಹುಡುಗರ ಪ್ರಾಯ! ಪಡುವಣದಲ್ಲಿ ತುರ್ಕರು, ಮೂಡಣದಲ್ಲಿ ಉಜ್ಬೇಕರು ನಾಡನ್ನು ಕಬಳಿಸುತ್ತಿದ್ದರು. ಇಮಾಮ್ ರೆಜಾ ಅವರ ಸಮಾಧಿಯಿರುವ ಮಶ್ಹದ್ ಕ್ಷೇತ್ರವೂ ಉಜ್ಬೇಕರ ವಶವಾಯಿತು. ಗುಮ್ಮಟದ ಹೊನ್ನು ಸುಲಿಗೆಯಾಯಿತು.

1598ರಲ್ಲಿ ಅಬ್ಬಾಸನು ಮಶ್ಹದನ್ನು ಮರಳಿ ಗೆದ್ದನು. 1601ರಲ್ಲಿ ರಾಜಧಾನಿ ಇಸ್ಫಹಾನಿನಿಂದ ನೂರಾರು ಮೈಲಿ ಕಾಲ್ನಡಿಗೆಯಲ್ಲೇ ಅಲ್ಲಿಗೆ ಯಾತ್ರೆ ಹೋದನು. ಗುಮ್ಮಟಕ್ಕೆ ಮತ್ತೆ ಹೊನ್ನು ಹೊದಿಸುವ ಕೆಲಸ ಆಗ ಮೊದಲಾಗಿ 1607ರ ಸುಮಾರಿಗೆ ಮುಗಿಯಿತು.

ಮಕ್ಕಳೇ, ಗುಮ್ಮಟವೆಲ್ಲ ಗಟ್ಟಿ ಚಿನ್ನವೆಂದು ತಿಳಿಯಬೇಡಿ. ತಾಮ್ರದ ತಗಡಿನ ಮೇಲೆ ತೆಳುವಾದ ಚಿನ್ನದ ಲೇಪ, ಅಷ್ಟೆ. ಅಂದಿನ ಕುಶಲಿಗಳು ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬೆಣ್ಣೆಯಂತಹ ಮುದ್ದೆ ಮಾಡುತ್ತಿದ್ದರು. ಅದನ್ನು ಉಜ್ಜಿ ಶುಚಿಮಾಡಿದ ತಾಮ್ರಕ್ಕೆ ಸವರಿ ಬೆಂಕಿಯಲ್ಲಿ ಕಾಯಿಸಿದರೆ, ಪಾದರಸ ಹಬೆಯಾಗಿ ಹಾರಿ ಚಿನ್ನ ಮಾತ್ರ ಕಚ್ಚಿ ನಿಲ್ಲುತ್ತಿತ್ತು. ಆಮೇಲೆ ನಯವಾಗಿ ತಿಕ್ಕಿ ಹೊಳಪು ತರುವುದು. ಆ ಹಬೆಯಾದರೋ ವಿಷ. ಬಹುಕಾಲ ಉಸಿರಾಡಿದವರಿಗೆ ಕೈ ನಡುಕ ಹಿಡಿಯುತ್ತಿತ್ತು. ದೊರೆ ನಡೆದು ಬಂದ ಸಂಗತಿಯನ್ನು ಗುಮ್ಮಟದ ಸುತ್ತಿನ ಪಟ್ಟಿಯಲ್ಲಿ ಬರೆದವನು ಅಲೀ ರೆಜಾ ಅಬ್ಬಾಸಿ ಎಂಬ ಪ್ರಸಿದ್ಧ ಲಿಪಿಕಾರ.

ಇಷ್ಟು ಭಕ್ತಿಯ ದೊರೆಗೆ ಹೆತ್ತ ಮಕ್ಕಳ ಮೇಲೆ ನಂಬಿಕೆ ಇರಲಿಲ್ಲ. ಸಂಶಯದಿಂದ 1615ರಲ್ಲಿ ಹಿರಿಯ ಮಗ ಸಫಿಯನ್ನು ಕೊಲ್ಲಿಸಿದನು. ಮತ್ತಿಬ್ಬರ ಕಣ್ಣು ಕೀಳಿಸಿದನು. 1629ರಲ್ಲಿ ತಾನು ಸಾಯುವಾಗ ಆಳಬಲ್ಲ ಮಗನೊಬ್ಬನೂ ಉಳಿದಿರಲಿಲ್ಲ. ಕೊಲೆಯಾದವನ ಮಗನೇ ಪಟ್ಟವೇರಿ, ತಂದೆಯ ಹೆಸರನ್ನೇ ಧರಿಸಿ ಷಾ ಸಫಿ ಎನಿಸಿದನು.