ಏಳು ತಂತಿಯ ಸಾಧಕ ಪಿಟೀಲು ಚೌಡಯ್ಯ

ಪಿಟೀಲು ಕರ್ನಾಟಕ ಸಂಗೀತಕ್ಕೆ ಹೊರಗಿನಿಂದ ಬಂದ ವಾದ್ಯ. 19ನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರು, ತಂಜಾವೂರಿನ ವಡಿವೇಲು ಮೊದಲಾದವರು ಅದನ್ನು ನಮ್ಮ ಶ್ರುತಿಗೂ ಗಮಕಗಳಿಗೂ ಒಗ್ಗಿಸಿದರು. ಅವರು ಮಾರ್ಪಡಿಸಿದ್ದು ನುಡಿಸುವ ಕ್ರಮವನ್ನು. ನಾಲ್ಕು ತಂತಿಯ ರಚನೆ ಹಾಗೆಯೇ ಉಳಿಯಿತು. ಆ ರಚನೆಗೇ ಕೈಹಾಕಿ, ಅದರಿಂದ ಕೀರ್ತಿಯನ್ನೂ ಆಕ್ಷೇಪವನ್ನೂ ಪಡೆದವರು ಮೈಸೂರು ಟಿ. ಚೌಡಯ್ಯನವರು.

ಚೌಡಯ್ಯನವರು 1895ರ ಜನವರಿ 1ರಂದು ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ ಜನಿಸಿದರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. 1910ರಲ್ಲಿ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಪ್ರಧಾನವಾಗಿ ಗಾಯಕರು. ಪಿಟೀಲು ಕಲಿಯುವ ಹುಡುಗನಿಗೆ ಗಾಯಕನೇ ಗುರುವಾದುದು ಮುಂದಿನ ಸಾಧನೆಯನ್ನು ರೂಪಿಸಿದ ಸಂಗತಿ. ಕಂಠದಲ್ಲಿ ಮೂಡಿದುದನ್ನು ಕಮಾನಿನಲ್ಲಿ ತರಬೇಕೆಂಬ ಹಟ ಅಲ್ಲಿಯೇ ಬೇರೂರಿತು. 1918ರವರೆಗೆ ನಡೆದ ಆ ಶಿಕ್ಷಣ ಅತ್ಯಂತ ಕಠಿಣವಾದುದಾಗಿತ್ತು.

ಅಂದಿನ ಕಛೇರಿಗಳಿಗೆ ಧ್ವನಿವರ್ಧಕವಿರಲಿಲ್ಲ. ದೇವಾಲಯದ ಪ್ರಾಂಗಣದಲ್ಲಿ, ಉತ್ಸವದ ಚಪ್ಪರದಲ್ಲಿ, ಮದುವೆಯ ಮನೆಯಲ್ಲಿ ನೆರೆದ ಜನಸಮೂಹಕ್ಕೆ ತುಂಬುಕಂಠದ ಗಾಯನ ಕೇಳಿಸುತ್ತಿತ್ತು, ಮೃದಂಗವೂ ಕೇಳಿಸುತ್ತಿತ್ತು. ಇವೆರಡರ ನಡುವೆ ಪಿಟೀಲಿನ ತೆಳುನಾದ ಹಿಂದಿನ ಸಾಲುಗಳನ್ನು ಮುಟ್ಟುವ ಮೊದಲೇ ಅಡಗಿಹೋಗುತ್ತಿತ್ತು. ಪಕ್ಕವಾದ್ಯಗಾರನ ವಿದ್ವತ್ತು ವೇದಿಕೆಯಲ್ಲಿಯೇ ಉಳಿದುಬಿಡುವ ಈ ಕೊರತೆಗೆ ಚೌಡಯ್ಯನವರು ವಾದ್ಯದೊಳಗೇ ಪರಿಹಾರವನ್ನು ಅರಸಿದರು. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಸ್ಥಾಯಿಯ ಅಂತರದಲ್ಲಿ ಶ್ರುತಿಗೊಂಡ ಜೊತೆತಂತಿಗಳನ್ನು ಸೇರಿಸಿದರು. ಹೀಗೆ ಏಳು ತಂತಿಯ ಪಿಟೀಲು ಸಿದ್ಧವಾಯಿತು. ಸಾರಂಗಿಯ ತರಬುಗಳು ಕಮಾನಿನ ಸ್ಪರ್ಶವಿಲ್ಲದೆ ಅನುರಣನದಿಂದ ಮಿಡಿಯುತ್ತವೆ. ಇಲ್ಲಿಯಾದರೋ ಜೊತೆತಂತಿಗಳೆರಡೂ ಕಮಾನಿನ ಒಂದೇ ಎಳೆತಕ್ಕೆ ಒಟ್ಟಾಗಿ ನುಡಿಯಬೇಕು.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಅಲ್ಪವಾಗಿರಲಿಲ್ಲ. ಒಂದೇ ಬೆರಳು ಎರಡು ತಂತಿಗಳನ್ನು ಸಮವಾಗಿ ಒತ್ತಬೇಕು. ಗಮಕದ ಜಾರಿನಲ್ಲಿ ಎರಡೂ ಕೂಡಿ ಸಾಗಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅಪಶ್ರುತಿ ಇಮ್ಮಡಿಯಾಗುತ್ತದೆ. ಕಮಾನಿಗೆ ಹೆಚ್ಚಿನ ಬಲ ಬೇಕು, ಶ್ರುತಿ ಮಾಡಲು ಹೆಚ್ಚಿನ ತಾಳ್ಮೆ ಬೇಕು. ಪರಂಪರೆಯ ಪಕ್ಷಪಾತಿಗಳಿಗೆ ಇದು ಅನವಶ್ಯಕವಾದ ಆಡಂಬರವೆನಿಸಿತು. ನಾದ ದಪ್ಪವಾಗಿ ಸೂಕ್ಷ್ಮತೆ ಮರೆಯಾಗುವುದೆಂಬ ಆಕ್ಷೇಪವೂ ಬಂತು. ಆ ಆಕ್ಷೇಪ ನಿರಾಧಾರವೆನ್ನುವಂತಿಲ್ಲ. ಅಂಥ ವಾದ್ಯದಲ್ಲಿ ಸೂಕ್ಷ್ಮತೆಯನ್ನು ಉಳಿಸಿಕೊಳ್ಳಲು ಅಸಾಧಾರಣವಾದ ಕೈ ಬೇಕಾಗಿತ್ತು. ಚೌಡಯ್ಯನವರಿಗೆ ಆ ಕೈ ಇತ್ತು. ಅವರ ಪ್ರಯೋಗಬುದ್ಧಿ ಏಳಕ್ಕೇ ನಿಲ್ಲದೆ 19 ತಂತಿಗಳ ಪಿಟೀಲಿನವರೆಗೂ ಮುಂದುವರಿಯಿತು.

ಅರಿಯಾಕುಡಿ, ಚೆಂಬೈ ಮೊದಲಾದ ಮಹಾಗಾಯಕರಿಗೆ ಅವರು ಪಕ್ಕವಾದ್ಯ ನುಡಿಸಿದರು; ಅದರಲ್ಲೂ ಚೆಂಬೈ ಅವರ ಗಂಭೀರ ಶಾರೀರಕ್ಕೆ ಏಳು ತಂತಿಯ ನಾದ ಸರಿಜೋಡಿಯಾಯಿತು. ಹುಟ್ಟೂರಿನ ನೆನಪನ್ನು ಹೊತ್ತ ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. 1943ರಲ್ಲಿ ವಾಣಿ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದರು. ಮೈಸೂರು ಮಹಾರಾಜರಿಂದ ಸಂಗೀತರತ್ನ ಬಿರುದನ್ನೂ, 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವವನ್ನೂ ಪಡೆದರು. 1967ರ ಜನವರಿ 19ರಂದು ಕಾಲವಾದರು.

ಅಷ್ಟರೊಳಗೆ ಧ್ವನಿವರ್ಧಕ ಎಲ್ಲ ಸಭೆಗಳನ್ನೂ ಪ್ರವೇಶಿಸಿತ್ತು. ಏಳು ತಂತಿಯ ಹುಟ್ಟಿಗೆ ಕಾರಣವಾದ ಕೊರತೆಯೇ ಇಲ್ಲವಾಯಿತು. ಆದರೂ ಚೌಡಯ್ಯನವರು ಅದನ್ನು ಕೈಬಿಡಲಿಲ್ಲ. ಉಪಾಯವಾಗಿ ಬಂದುದು ಅವರ ಸ್ವಂತ ಧ್ವನಿಯೇ ಆಗಿಹೋಗಿತ್ತು. ಆ ಹಾದಿಯನ್ನು ಹಿಡಿದವರು ವಿರಳ. ಬಹುಪಾಲು ವಾದಕರು ಇಂದಿಗೂ ನಾಲ್ಕು ತಂತಿಯಲ್ಲಿಯೇ ಸಾಧನೆ ನಡೆಸುತ್ತಾರೆ. 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಎದ್ದುನಿಂತ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಉಳಿಸಿದೆ. ಹಿಂದಿನ ಸಾಲಿನ ಕೇಳುಗನಿಗೂ ಸಂಗೀತದಲ್ಲಿ ಪಾಲಿದೆಯೆಂದು ನಂಬಿ ಒಬ್ಬ ಕಲಾವಿದ ತನ್ನ ವಾದ್ಯವನ್ನೇ ಮರುರೂಪಿಸಿದನೆಂಬುದು ಆ ಹೆಸರಿನ ಹಿಂದಿರುವ ನಿಜವಾದ ಹಿರಿಮೆ.